ಸೇಪಿಯನ್ಸ್ ಏಕವಚನ: ಒಂದು ಲ್ಯಾಟಿನ್ ಕೃದಂತದ ಅರ್ಥವೂ ವಿಭಕ್ತಿರೂಪಗಳೂ

ಮನುಷ್ಯಜಾತಿಗೆ ವಿಜ್ಞಾನಿಗಳು ಇಟ್ಟಿರುವ ಹೆಸರು ಹೋಮೋ ಸೇಪಿಯನ್ಸ್ ಎಂಬುದು ಶಾಲೆಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಆ ಹೆಸರಿನ ಕೊನೆಯಲ್ಲಿರುವ ಸಕಾರ ಏನೆಂದು ಕೇಳಿದರೆ ಮಾತ್ರ ಹೆಚ್ಚಿನವರು ಅದನ್ನು ಬಹುವಚನದ ಗುರುತೆಂದು ಹೇಳುತ್ತಾರೆ. ಬುಕ್ ಒಂದು, ಬುಕ್ಸ್ ಹಲವು. ಹಾಗೆಯೇ ಒಬ್ಬನಾದರೆ ಸೇಪಿಯನ್, ಹಲವರಾದರೆ ಸೇಪಿಯನ್ಸ್ ಎಂದು ಇಂಗ್ಲಿಷ್ ಬಲ್ಲ ಮನಸ್ಸು ತಾನಾಗಿ ಲೆಕ್ಕ ಹಾಕಿಬಿಡುತ್ತದೆ. ಈ ಲೆಕ್ಕ ತಪ್ಪು. ಸೇಪಿಯನ್ ಎಂಬ ಪದವೇ ಲ್ಯಾಟಿನ್ನಿನಲ್ಲಿ ಇಲ್ಲ. ಸೇಪಿಯನ್ಸ್ ಎಂಬುದೇ ಏಕವಚನ, ಅದರಲ್ಲಿರುವ ಸಕಾರ ಪ್ರಥಮಾ ವಿಭಕ್ತಿಯ ಪ್ರತ್ಯಯ, ಮತ್ತು ಆ ಪ್ರತ್ಯಯ ಬಂದು ಕೂತದ್ದರಿಂದಲೇ ಪದದ ನಿಜವಾದ ಪ್ರಕೃತಿಯ, ಎಂದರೆ ಪ್ರತ್ಯಯ ಸೇರುವ ಮೊದಲಿನ ಮೂಲರೂಪದ, ಕೊನೆಯ ಅಕ್ಷರವೊಂದು ಅಲ್ಲಿಂದ ಕಣ್ಮರೆಯಾಗಿದೆ. ಆ ಅಕ್ಷರ ಯಾವುದು, ಅದು ಎಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ ಎಂಬುದು ತಿಳಿದರೆ ಲ್ಯಾಟಿನ್ ವ್ಯಾಕರಣದ ದೊಡ್ಡ ಬಾಗಿಲೊಂದು ತೆರೆದಂತೆಯೇ ಸರಿ.

ಉಚ್ಚಾರಣೆಯ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸೇಪಿಯನ್ಸ್ ಎಂಬುದು ಇಂಗ್ಲಿಷರ ಬಾಯಿಂದ ನಮಗೆ ಬಂದ ರೂಪ. ಪ್ರಾಚೀನ ರೋಮಿನಲ್ಲಿ ಓದುಬರಹ ಬಲ್ಲವರು ಅದನ್ನು ಸರಿಸುಮಾರು ಸಪಿಯೇನ್ಸ್ ಎಂದು ಹೇಳುತ್ತಿದ್ದರು. ಮೊದಲಿನ ಸ್ವರ ಹ್ರಸ್ವ, ಏಕಾರ ದೀರ್ಘ. ಲ್ಯಾಟಿನ್ನಿನ ತಕಾರವೂ ಇಂಗ್ಲಿಷಿನ ಟಕಾರದಂತಲ್ಲ. ನಾಲಗೆಯನ್ನು ಹಲ್ಲಿಗೆ ತಾಗಿಸಿ ನಾವು ಹೇಳುವ ತಕಾರಕ್ಕೇ ಅದು ಹತ್ತಿರ. ಎಕಾರಕ್ಕೂ ಏಕಾರಕ್ಕೂ ಬೇರೆ ಬೇರೆ ಅಕ್ಷರಗಳಿರುವ ಕನ್ನಡ ಲಿಪಿಯಲ್ಲಿ ಲ್ಯಾಟಿನ್ನಿನ ಹ್ರಸ್ವದೀರ್ಘಗಳನ್ನು ಬರೆದು ತೋರಿಸುವುದು ಸುಲಭ. ರೋಮನ್ನರ ಲಿಪಿಯಲ್ಲೇ ಈ ಭೇದ ಸಾಮಾನ್ಯವಾಗಿ ಬರಹಕ್ಕೆ ಬರುತ್ತಿರಲಿಲ್ಲ. ಆದ್ದರಿಂದ ಇಲ್ಲಿಂದ ಮುಂದೆ ಲ್ಯಾಟಿನ್ ಪದಗಳನ್ನು ಲ್ಯಾಟಿನ್ ಉಚ್ಚಾರಣೆಯಲ್ಲೇ ಬರೆಯುತ್ತೇನೆ.

ಸಪಿಯೇನ್ಸ್ ಎಂಬುದು ಸಪೆರೆ ಎಂಬ ಧಾತುವಿನಿಂದ ಹುಟ್ಟಿದ ಪದ. ಆ ಧಾತುವಿಗೆ ಮೊದಲ ಅರ್ಥ ರುಚಿಯಾಗಿರು, ರುಚಿ ತಿಳಿ ಎಂದು. ತಿನಿಸಿಗೆ ರುಚಿಯಿದ್ದರೂ ಅದೇ ಕ್ರಿಯಾಪದ, ತಿನ್ನುವವನ ನಾಲಗೆಗೆ ರುಚಿ ಹತ್ತಿದರೂ ಅದೇ ಕ್ರಿಯಾಪದ. ಅಲ್ಲಿಂದ ಅರ್ಥ ಮೇಲೇರಿ ಒಳ್ಳೆಯದು ಕೆಟ್ಟದ್ದನ್ನು ಬೇರ್ಪಡಿಸಿ ತಿಳಿ, ವಿವೇಕದಿಂದಿರು ಎಂದಾಯಿತು. ನಾಲಗೆಯಿಂದ ಬುದ್ಧಿಗೆ ಏರುವ ಈ ದಾರಿ ಕನ್ನಡಿಗರಿಗೆ ಹೊಸದಲ್ಲ. ಅಭಿರುಚಿ, ರಸಜ್ಞ, ಸವಿಯುವುದು ಎಂಬ ಮಾತುಗಳನ್ನು ನಾವು ಊಟಕ್ಕಿಂತ ಹೆಚ್ಚಾಗಿ ಸಾಹಿತ್ಯ ಸಂಗೀತಗಳಿಗೇ ಬಳಸುತ್ತೇವೆ. ಅದಕ್ಕಿಂತಲೂ ಹತ್ತಿರದ ಸಾಕ್ಷಿ ನಮ್ಮ ಗಾದೆಯಲ್ಲಿದೆ: ಬಲ್ಲವನೇ ಬಲ್ಲ ಬೆಲ್ಲದ ಸವಿಯ. ಬಲ್ಲವನು ಮತ್ತು ಸವಿ ಎಂಬ ಎರಡು ಮಾತುಗಳಲ್ಲಿ ಗಾದೆ ಹಂಚಿ ಹೇಳುವುದನ್ನು ಲ್ಯಾಟಿನ್ ಒಂದೇ ಧಾತುವಿನಲ್ಲಿ ಇಟ್ಟುಕೊಂಡಿದೆ. ಸಪಿಯೇನ್ಸ್ ಎಂಬ ಪದಕ್ಕೆ ಕನ್ನಡದಲ್ಲಿ ಒಂದೇ ಪದ ಕೊಡಿ ಎಂದರೆ ನಾನು ಬುದ್ಧಿವಂತ ಎನ್ನುವುದಕ್ಕಿಂತ ಮೊದಲು ಬಲ್ಲವನು ಎನ್ನುತ್ತೇನೆ. ಕಾರಣ, ಬಲ್ಲವನು ಎಂಬುದೂ ಧಾತುವಿನಿಂದ ಹುಟ್ಟಿದ ಕೃದಂತ.

ರೋಮನ್ನರಿಗೆ ಈ ಎರಡು ಅರ್ಥಗಳ ನಂಟು ಚೆನ್ನಾಗಿ ಗೊತ್ತಿತ್ತು. ಕ್ರಿ.ಪೂ. 2ನೆಯ ಶತಮಾನದ ರಾಜಕಾರಣಿ ಗಾಯುಸ್ ಲೈಲಿಯುಸ್‌ಗೆ ಸಪಿಯೇನ್ಸ್ ಎಂಬುದು ಬಿರುದಾಗಿತ್ತು. ಅವನು ಸರಳವಾಗಿ ಉಣ್ಣುತ್ತಿದ್ದವನು. ಅವನಿಗೆ ಬಲ್ಲವನೆಂಬ ಹೆಸರು ಬಂದದ್ದು ಯಾವುದು ರುಚಿಯಾದದ್ದೆಂದು ತಿಳಿಯದಿದ್ದುದರಿಂದಲ್ಲ, ಅದನ್ನು ದೊಡ್ಡದೆಂದು ಎಣಿಸದಿದ್ದುದರಿಂದ ಎಂದು ರೋಮಿನ ವಾಗ್ಮಿ ಸಿಸೆರೋ ಬರೆಯುತ್ತಾನೆ. ಬರೆಯುವಾಗ ಒಂದೇ ವಾಕ್ಯದಲ್ಲಿ ಸಪೆರೆ ಧಾತುವನ್ನು ಎರಡು ಸಲ ಬಳಸಿ, ಹೃದಯ ಬಲ್ಲುದಾಗಿದ್ದರೆ ನಾಲಗೆ ಏನೂ ಅರಿಯದಾಗಿರಬೇಕೆಂದಿಲ್ಲ ಎಂಬ ಅರ್ಥ ಬರುವಂತೆ ಹೆಣೆಯುತ್ತಾನೆ. ಕ್ರಿ.ಶ. 7ನೆಯ ಶತಮಾನದ ಹೊತ್ತಿಗೆ ಸೆವಿಲ್ಲೆಯ ಬಿಷಪ್ ಇಸಿಡೋರ್, ನಾಲಗೆ ತಿನಿಸಿನ ರುಚಿಯನ್ನು ಬೇರ್ಪಡಿಸಿ ತಿಳಿಯುವಂತೆ ವಸ್ತುಗಳನ್ನೂ ಅವುಗಳ ಕಾರಣಗಳನ್ನೂ ಬೇರ್ಪಡಿಸಿ ತಿಳಿಯುವವನು ಸಪಿಯೇನ್ಸ್ ಎಂದು ವಿವರಣೆ ಕೊಟ್ಟ. ಸ್ವೀಡನ್ನಿನ ಲಿನೇಯಸ್ 1735ರಲ್ಲಿ ತನ್ನ ಜೀವಿಗಳ ವರ್ಗೀಕರಣವನ್ನು ಮೊದಲ ಸಲ ಅಚ್ಚು ಹಾಕಿಸಿದಾಗ ಮನುಷ್ಯನ ಎದುರಿಗೆ ನಿನ್ನನ್ನು ನೀನು ತಿಳಿ ಎಂಬ ಲ್ಯಾಟಿನ್ ಮಾತನ್ನಷ್ಟೇ ಬರೆದಿದ್ದ. 1758ರ ಹತ್ತನೆಯ ಆವೃತ್ತಿಯಲ್ಲಿ ಹೊಮೋ ಸಪಿಯೇನ್ಸ್ ಎಂಬ ಜೋಡಿ ಹೆಸರು ಬಂತು.

ಈಗ ವ್ಯಾಕರಣಕ್ಕೆ ಬರೋಣ. ನಾವು ಕೃದಂತ ಎನ್ನುವುದನ್ನು ರೋಮನ್ ವೈಯಾಕರಣರು ಪಾರ್ತಿಕಿಪಿಯುಂ ಎಂದು ಕರೆದರು. ಪಾಲು ಪಡೆದದ್ದು ಎಂಬುದು ಆ ಹೆಸರಿನ ಅರ್ಥ, ಗ್ರೀಕರ ಪಾರಿಭಾಷಿಕ ಪದಕ್ಕೆ ಅವರು ಮಾಡಿಕೊಂಡ ಅನುವಾದ. ಕ್ರಿ.ಶ. 4ನೆಯ ಶತಮಾನದಲ್ಲಿ ರೋಮಿನಲ್ಲಿ ಪಾಠ ಹೇಳುತ್ತಿದ್ದ ದೊನಾತುಸ್ ಮಕ್ಕಳಿಗಾಗಿ ಪ್ರಶ್ನೋತ್ತರ ರೂಪದಲ್ಲಿ ಬರೆದ ವ್ಯಾಕರಣದಲ್ಲಿ ಪಾರ್ತಿಕಿಪಿಯುಂ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಹೀಗಿದೆ: ಪಾರ್ಸ್ ಓರಾತಿಯೋನಿಸ್ ಪಾರ್ತೆಂ ಕಪಿಯೇನ್ಸ್ ನೋಮಿನಿಸ್, ಪಾರ್ತೆಂ ವೆರ್ಬೀ. ನಾಮಪದದಿಂದ ಒಂದು ಪಾಲನ್ನೂ ಕ್ರಿಯಾಪದದಿಂದ ಒಂದು ಪಾಲನ್ನೂ ತೆಗೆದುಕೊಳ್ಳುವ ಪದವರ್ಗ ಎಂದು ಇದರ ಅರ್ಥ.

ಈ ಸೂತ್ರವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಕೃದಂತವನ್ನು ವಿವರಿಸುವ ಈ ವಾಕ್ಯದ ನಡುವೆಯೇ ಒಂದು ಕೃದಂತ ಕೂತಿದೆ. ಕಪಿಯೇನ್ಸ್ ಎಂದರೆ ತೆಗೆದುಕೊಳ್ಳುವ. ಅದು ಕಪೆರೆ ಧಾತುವಿನ ಕೃದಂತ. ಸಪೆರೆಯೂ ಕಪೆರೆಯೂ ಒಂದೇ ಗಣದ ಧಾತುಗಳಾದ್ದರಿಂದ ಕಪಿಯೇನ್ಸ್ ನಡೆಯುವಂತೆಯೇ ಸಪಿಯೇನ್ಸ್ ನಡೆಯುತ್ತದೆ. ವಾಕ್ಯದಲ್ಲಿ ಕಪಿಯೇನ್ಸ್ ಎರಡು ಕಡೆಗೆ ಕೈ ಚಾಚಿದೆ. ಒಂದು ಕೈ ಪಾರ್ತೆಂ ಎಂಬ ದ್ವಿತೀಯಾ ವಿಭಕ್ತಿಯ ಪದವನ್ನು ಹಿಡಿದಿದೆ; ಪಾಲನ್ನು ತೆಗೆದುಕೊಳ್ಳುವ ಎಂದು ಕರ್ಮವನ್ನು ಬೇಡುವುದು ಕ್ರಿಯಾಪದದ ಗುಣ. ಇನ್ನೊಂದು ಕೈ ವಾಕ್ಯದ ಮೊದಲಿನ ಪಾರ್ಸ್ ಎಂಬ ಪದವನ್ನು ಹಿಡಿದಿದೆ; ಅದರ ಲಿಂಗ, ವಚನ, ವಿಭಕ್ತಿಗಳು ಯಾವುವೋ ಕಪಿಯೇನ್ಸ್‌ನ ಲಿಂಗ, ವಚನ, ವಿಭಕ್ತಿಗಳೂ ಅವೇ. ಅದು ನಾಮಪದದ ಗುಣ. ದೊನಾತುಸ್ ಬೇಕೆಂದೇ ಹೀಗೆ ಬರೆದನೋ ಸಹಜವಾಗಿ ಬಂತೋ, ಲಕ್ಷಣವೂ ಲಕ್ಷ್ಯವೂ ಒಂದೇ ಸಾಲಿನಲ್ಲಿ ಕೂಡಿಬಂದ ಇಂಥ ಸೂತ್ರ ಅಪರೂಪ.

ಕನ್ನಡದ ಕೃದಂತ ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ಧಾತುವಿಗೆ ವರ್ತಮಾನ ಭವಿಷ್ಯತ್ತುಗಳಲ್ಲಿ ಉವ, ಭೂತದಲ್ಲಿ ದ, ನಿಷೇಧದಲ್ಲಿ ಅದ ಎಂಬ ಪ್ರತ್ಯಯಗಳು ಸೇರಿ ಮಾಡುವ, ಮಾಡಿದ, ಮಾಡದ ಎಂದಾಗುವುದನ್ನು ನಾವು ಹೈಸ್ಕೂಲಿನಲ್ಲಿ ಕಲಿಯುತ್ತೇವೆ. ಮಾಡುವ ಎಂಬ ಪದ ನಾಮದ ಹಿಂದೆ ನಿಂತಿರುವಷ್ಟು ಹೊತ್ತು ಅಲುಗುವುದಿಲ್ಲ: ಕೆಲಸ ಮಾಡುವ ಹುಡುಗ, ಕೆಲಸ ಮಾಡುವ ಹುಡುಗಿಗೆ, ಕೆಲಸ ಮಾಡುವ ಮಕ್ಕಳಿಂದ. ವಿಭಕ್ತಿಯ ಭಾರವನ್ನು ಮುಂದಿನ ನಾಮವೇ ಹೊರುತ್ತದೆ. ಮಾಡುವವನು, ಮಾಡುವವಳಿಗೆ ಎಂದು ಸರ್ವನಾಮ ಕೂಡಿದಾಗ ಮಾತ್ರ ಕೃದಂತಕ್ಕೆ ವಿಭಕ್ತಿ ಬರುತ್ತದೆ. ಲ್ಯಾಟಿನ್ನಿನಲ್ಲಿ ಹಾಗಲ್ಲ, ನಾಮ ಎದುರಿಗಿದ್ದರೂ ಕೃದಂತ ಅದರ ಜೊತೆಜೊತೆಗೇ ವಿಭಕ್ತಿ ಬದಲಿಸಬೇಕು. ಮನುಷ್ಯನಿಗೆ ಎಂಬುದು ಹೊಮಿನೀ ಆದರೆ, ಬಲ್ಲ ಮನುಷ್ಯನಿಗೆ ಎಂಬುದು ಹೊಮಿನೀ ಸಪಿಯೆಂತೀ. ಎರಡೂ ಪದಗಳಿಗೆ ಚತುರ್ಥಿ. ಸಂಸ್ಕೃತ ಓದಿದವರಿಗೆ ಇದು ಪರಿಚಿತ ನಡೆ.

ಇನ್ನು ಆ ಕಾಣದ ಅಕ್ಷರದ ವಿಷಯ. ಈ ಕೃದಂತವನ್ನು ಕಟ್ಟುವ ಪ್ರತ್ಯಯ ನ್‌ತ್ ಎಂಬ ಎರಡು ವ್ಯಂಜನಗಳು. ಸಪಿ ಎಂಬ ಅಂಗಕ್ಕೆ ನಡುವೆ ಒಂದು ಎಕಾರ ಬಂದು, ನ್‌ತ್ ಸೇರಿ, ಸಪಿಯೆಂತ್ ಎಂಬ ಪ್ರಕೃತಿ ಸಿದ್ಧವಾಗುತ್ತದೆ. ಇದಕ್ಕೆ ಪುಲ್ಲಿಂಗ ಸ್ತ್ರೀಲಿಂಗಗಳ ಪ್ರಥಮಾ ಏಕವಚನದ ಪ್ರತ್ಯಯವಾದ ಸಕಾರ ಸೇರಿದರೆ ಸಪಿಯೆಂತ್ಸ್ ಆಗಬೇಕಿತ್ತು. ಪದದ ಕೊನೆಯಲ್ಲಿ ಮೂರು ವ್ಯಂಜನಗಳ ಆ ಗಂಟು ಲ್ಯಾಟಿನ್ ಬಾಯಿಗೆ ಒಗ್ಗಲಿಲ್ಲ. ತಕಾರ ಸಕಾರದಲ್ಲಿ ಕರಗಿತು. ಉಳಿದದ್ದು ಸಪಿಯೇನ್ಸ್. ಇಷ್ಟು ಹೇಳಿದರೆ ಏಕಾರ ದೀರ್ಘವಾದದ್ದೇಕೆ ಎಂಬ ಪ್ರಶ್ನೆ ಉಳಿಯುತ್ತದೆ. ನಕಾರದ ಮುಂದೆ ಸಕಾರವೋ ಫಕಾರವೋ ಬಂದರೆ ಹಿಂದಿನ ಸ್ವರ ದೀರ್ಘವಾಗುವುದು ಲ್ಯಾಟಿನ್ನಿನ ನಿಯಮ. ಇನ್ದೊಕ್ತುಸ್ ಎನ್ನುವಾಗ ಇಕಾರ ಹ್ರಸ್ವ, ಈನ್ಸಾನುಸ್ ಎನ್ನುವಾಗ ದೀರ್ಘ ಎಂದು ಸಿಸೆರೋ ಭಾಷಣಕಲೆಯ ಪುಸ್ತಕವೊಂದರಲ್ಲಿ ಕಿವಿಗೊಟ್ಟು ಗುರುತಿಸಿದ್ದಾನೆ. ನಿಜ ಹೇಳಬೇಕೆಂದರೆ ಸಾಮಾನ್ಯ ಜನರ ಮಾತಿನಲ್ಲಿ ಆ ನಕಾರವೂ ಉಳಿದಿರಲಿಲ್ಲ. ಕ್ರಿ.ಪೂ. 259ರಲ್ಲಿ ಕಾನ್ಸಲ್ ಎಂಬ ಉನ್ನತ ಅಧಿಕಾರಿಯಾಗಿದ್ದ ಲೂಕಿಯುಸ್ ಸ್ಕಿಪಿಯೋನ ಸಮಾಧಿಲೇಖದಲ್ಲಿ ಕಾನ್ಸಲ್ ಎಂಬ ಪದವನ್ನೂ ಸೆನ್ಸರ್ ಎಂಬ ಪದವನ್ನೂ ನಕಾರವಿಲ್ಲದೆ ಕೊಸೊಲ್, ಕೇಸೊರ್ ಎಂದು ಬರೆಯಲಾಗಿದೆ. ಕ್ರೆಸ್ಕೇನ್ಸ್ ಎಂಬ ಹೆಸರು, ಬೆಳೆಯುತ್ತಿರುವವನು ಎಂಬ ಅರ್ಥದ ಕೃದಂತವೇ ಅದು, ಶಾಸನಗಳಲ್ಲಿ ಕ್ರೆಸ್ಕೇಸ್ ಎಂದು ಸಿಗುತ್ತದೆ.

ಪ್ರಥಮಾ ಏಕವಚನದಲ್ಲಿ ತಕಾರ ಕಳೆದುಹೋಗುವ ಈ ಸಂಗತಿಯನ್ನು ವಿವರಿಸಲು ಕನ್ನಡಿಗರಿಗೆ ಹೊರಗಿನ ಉದಾಹರಣೆ ಬೇಕಿಲ್ಲ. ಹನುಮಾನ್ ಮತ್ತು ಹನುಮಂತ ಒಬ್ಬನೇ ದೇವರ ಹೆಸರು. ಭಗವಾನ್ ಮತ್ತು ಭಗವಂತ ಒಂದೇ ಪದ. ಸಂಸ್ಕೃತದಲ್ಲಿ ಇವುಗಳ ಪ್ರಕೃತಿ ತಕಾರಾಂತ. ಪ್ರಥಮಾ ಏಕವಚನದಲ್ಲಿ ಕೊನೆಯ ವ್ಯಂಜನಗಳ ಗಂಟು ಬಿಚ್ಚಿ, ತಕಾರ ಬಿದ್ದು, ಹನುಮಾನ್ ಎಂದಾಗುತ್ತದೆ. ದ್ವಿತೀಯೆಯಲ್ಲಿ ಸ್ವರ ಬಂದು ಆಸರೆ ಕೊಟ್ಟಾಗ ಹನುಮಂತಂ ಎಂದು ತಕಾರ ಮರಳಿ ಬರುತ್ತದೆ. ಹಿಂದಿಯವರು ಪ್ರಥಮೆಯ ರೂಪವನ್ನು ಇಟ್ಟುಕೊಂಡರು, ಕನ್ನಡವು ತಕಾರವಿರುವ ರೂಪವನ್ನು ಎತ್ತಿಕೊಂಡು ಹನುಮಂತ, ಭಗವಂತ, ಶ್ರೀಮಂತ, ಬುದ್ಧಿವಂತ ಎಂದಿತು. ಈ ಪದಗಳಲ್ಲಿರುವುದು ಒಡೆತನವನ್ನು ಹೇಳುವ ಮತ್, ವತ್ ಪ್ರತ್ಯಯಗಳು, ಕೃತ್ ಪ್ರತ್ಯಯವಲ್ಲ. ಆದರೆ ತಕಾರಕ್ಕೆ ಒದಗುವ ಗತಿ ಒಂದೇ. ಸಪಿಯೇನ್ಸ್‌ಗೂ ಸಪಿಯೆಂತೆಂ ಎಂಬುದಕ್ಕೂ ಇರುವ ಸಂಬಂಧ ಹನುಮಾನ್‌ಗೂ ಹನುಮಂತಂ ಎಂಬುದಕ್ಕೂ ಇರುವ ಸಂಬಂಧವೇ.

ಸಂಸ್ಕೃತದ ನಿಜವಾದ ಕೃದಂತವನ್ನೇ ತೆಗೆದುಕೊಂಡರೆ ಇದು ಬರಿಯ ಹೋಲಿಕೆಯಲ್ಲ, ರಕ್ತಸಂಬಂಧ ಎಂಬುದು ಕಾಣುತ್ತದೆ. ಪಾಣಿನಿಯ ಸಂಪ್ರದಾಯದಲ್ಲಿ ಶತೃ ಎಂದು ಹೆಸರಾದ ಪ್ರತ್ಯಯ ಸೇರಿ ಭೃ ಧಾತುವಿನಿಂದ ಭರನ್, ಭರಂತಂ ಎಂಬ ರೂಪಗಳು ಬರುತ್ತವೆ, ಹೊರುತ್ತಿರುವವನು, ಹೊರುತ್ತಿರುವವನನ್ನು. ಲ್ಯಾಟಿನ್ನಿನಲ್ಲಿ ಅದೇ ಧಾತು, ಅದೇ ಪ್ರತ್ಯಯ, ಅದೇ ಅರ್ಥ: ಫೆರೇನ್ಸ್, ಫೆರೆಂತೆಂ. ನಮ್ಮ ದಂತವೈದ್ಯರ ದಂತ ಎಂಬ ಪದವೂ ಇದೇ ಕುಟುಂಬದ್ದು. ಹಲ್ಲಿಗೆ ಲ್ಯಾಟಿನ್ನಿನಲ್ಲಿ ಪ್ರಥಮೆ ದೇನ್ಸ್, ಷಷ್ಠಿ ದೆಂತಿಸ್. ತಿನ್ನುವುದು ಎಂಬ ಅರ್ಥದ ಹಳೆಯ ಕೃದಂತವೇ ಹಲ್ಲಿನ ಹೆಸರಾಗಿರಬೇಕೆಂದು ಭಾಷಾಶಾಸ್ತ್ರಜ್ಞರು ಹಲವರು ಎಣಿಸುತ್ತಾರೆ.

ಈ ಕಾರಣಕ್ಕಾಗಿಯೇ ಲ್ಯಾಟಿನ್ ನಿಘಂಟುಗಳು ಪ್ರತಿ ನಾಮದ ಪಕ್ಕದಲ್ಲಿ ಷಷ್ಠೀ ಏಕವಚನವನ್ನೂ ಕೊಡುತ್ತವೆ, ವಿದ್ಯಾರ್ಥಿಗಳು ಎರಡನ್ನೂ ಜೋಡಿಯಾಗಿ ಬಾಯಿಪಾಠ ಮಾಡುತ್ತಾರೆ: ಸಪಿಯೇನ್ಸ್, ಸಪಿಯೆಂತಿಸ್. ಎರಡನೆಯ ರೂಪದ ಇಸ್ ತೆಗೆದುಹಾಕಿದರೆ ಪ್ರಕೃತಿ ಕೈಗೆ ಸಿಗುತ್ತದೆ. ಹೋಗು ಎಂಬ ಧಾತುವಿನ ಕೃದಂತವನ್ನು ನೋಡಿದರೆ ಈ ಅಭ್ಯಾಸದ ಬೆಲೆ ತಿಳಿಯುತ್ತದೆ. ಅದರ ಪ್ರಥಮೆ ಇಯೇನ್ಸ್, ಷಷ್ಠಿ ಎಉಂತಿಸ್; ಮೊದಲನೆಯದರಿಂದ ಎರಡನೆಯದನ್ನು ಊಹಿಸುವುದು ಯಾರಿಂದಲೂ ಆಗದು.

ವಿಭಕ್ತಿಗಳು ಲ್ಯಾಟಿನ್ನಿನಲ್ಲಿ ಆರು. ತೃತೀಯಾ, ಪಂಚಮೀ, ಸಪ್ತಮೀ ಎಂದು ನಾವು ಬೇರೆ ಬೇರೆ ಎಣಿಸುವ ಮೂರರ ಕೆಲಸವನ್ನು ಅಲ್ಲಿ ಒಂದೇ ವಿಭಕ್ತಿ ಮಾಡುತ್ತದೆ; ಅದನ್ನು ಇಲ್ಲಿ ಪಂಚಮಿ ಎಂದು ಕರೆಯುತ್ತೇನೆ. ಪ್ರಥಮಾ ಏಕವಚನ ಸಪಿಯೇನ್ಸ್ ಮೂರು ಲಿಂಗಗಳಿಗೂ ಸಮಾನ. ಬಲ್ಲ ಗಂಡಸು, ಬಲ್ಲ ಹೆಂಗಸು, ಬಲ್ಲ ಪ್ರಾಣಿ ಎಲ್ಲಕ್ಕೂ ಅದೇ. ಸಂಬೋಧನೆಗೂ ಅದೇ ರೂಪ. ದ್ವಿತೀಯೆಯಲ್ಲಿ ಪುಲ್ಲಿಂಗ ಸ್ತ್ರೀಲಿಂಗಗಳಿಗೆ ಸಪಿಯೆಂತೆಂ. ನಪುಂಸಕಕ್ಕೆ, ಸಂಸ್ಕೃತದಲ್ಲಿರುವಂತೆಯೇ, ಪ್ರಥಮೆಯ ರೂಪವೇ ದ್ವಿತೀಯೆಗೂ ಸಲ್ಲುವುದರಿಂದ ಸಪಿಯೇನ್ಸ್. ಷಷ್ಠಿ ಸಪಿಯೆಂತಿಸ್, ಚತುರ್ಥಿ ಸಪಿಯೆಂತೀ, ಪಂಚಮಿ ಸಪಿಯೆಂತೆ ಅಥವಾ ಸಪಿಯೆಂತೀ. ಬಹುವಚನಕ್ಕೆ ಬಂದರೆ ಪುಲ್ಲಿಂಗ ಸ್ತ್ರೀಲಿಂಗಗಳ ಪ್ರಥಮೆ ಮತ್ತು ದ್ವಿತೀಯೆ ಸಪಿಯೆಂತೇಸ್. ದ್ವಿತೀಯೆಗೆ ಸಪಿಯೆಂತೀಸ್ ಎಂಬ ಇನ್ನೊಂದು ರೂಪವೂ ಹಳೆಯ ಗ್ರಂಥಗಳಲ್ಲಿದೆ. ನಪುಂಸಕದಲ್ಲಿ ಎರಡಕ್ಕೂ ಸಪಿಯೆಂತಿಯ. ಷಷ್ಠಿ ಸಪಿಯೆಂತಿಯುಂ, ಚತುರ್ಥಿ ಪಂಚಮಿಗಳೆರಡಕ್ಕೂ ಸಪಿಯೆಂತಿಬುಸ್. ಆರು ವಿಭಕ್ತಿ, ಎರಡು ವಚನ, ಮೂರು ಲಿಂಗ ಸೇರಿ 36 ಸ್ಥಾನಗಳು. ಆ ಹಳೆಯ ದ್ವಿತೀಯೆಯನ್ನು ಬಿಟ್ಟರೆ ಅವನ್ನು ತುಂಬುವ ಬೇರೆ ಬೇರೆ ರೂಪಗಳು 9 ಮಾತ್ರ. ಹೆದರಿಸುವಷ್ಟು ದೊಡ್ಡ ಪಟ್ಟಿ ಇದಲ್ಲ.

ಚತುರ್ಥಿಯ ಒಂದು ಪ್ರಯೋಗ ಲ್ಯಾಟಿನ್ ನಾಟಕಗಳಲ್ಲಿ ಗಾದೆಯಾಗಿ ಉಳಿದಿದೆ. ಪ್ಲೌತುಸ್‌ನ ನಾಟಕದಲ್ಲೂ ಟೆರೆನ್ಸ್‌ನ ನಾಟಕದಲ್ಲೂ ಪಾತ್ರವೊಂದು ದಿಕ್ತುಂ ಸಪಿಯೆಂತೀ ಸತ್ ಎಸ್ತ್ ಎನ್ನುತ್ತದೆ. ದಿಕ್ತುಂ ಎಂದರೆ ಹೇಳಿದ್ದು, ಸತ್ ಎಸ್ತ್ ಎಂದರೆ ಸಾಕು. ಬಲ್ಲವನಿಗೆ ಹೇಳಿದಷ್ಟೇ ಸಾಕು. ಜಾಣನಿಗೆ ಮಾತಿನ ಪೆಟ್ಟು ಎಂಬ ನಮ್ಮ ಗಾದೆಯ ಇಗೆ ಪ್ರತ್ಯಯ ಮಾಡುವ ಕೆಲಸವನ್ನು ಅಲ್ಲಿ ಕೊನೆಯ ಈಕಾರ ಮಾಡುತ್ತಿದೆ. ಷಷ್ಠೀ ಬಹುವಚನಕ್ಕೆ ಹೊರಾಸ್ ಕವಿಯ ಒಂದು ಪ್ರಯೋಗವಿದೆ: ಸಪಿಯೆಂತುಂ ಒಕ್ತಾವುಸ್, ಬಲ್ಲವರಲ್ಲಿ ಎಂಟನೆಯವನು. ಗ್ರೀಸಿನ ಸಪ್ತಜ್ಞಾನಿಗಳ ಸಾಲಿಗೆ ಇನ್ನೊಬ್ಬನನ್ನು ಸೇರಿಸಿದ ಮಾತು ಅದು. ಇಲ್ಲಿ ಸಪಿಯೆಂತಿಯುಂ ಎಂದಿರಬೇಕಾದ ಕಡೆ ಸಪಿಯೆಂತುಂ ಎಂದಿದೆ. ಇಕಾರವಿಲ್ಲದ ಈ ರೂಪ ಛಂದಸ್ಸಿಗೆ ಹೊಂದುವುದರಿಂದ ಕವಿಗಳು ಇದನ್ನು ಬಳಸಿಕೊಳ್ಳುತ್ತಿದ್ದರು.

ಪಟ್ಟಿಯಲ್ಲಿ ಒಂದು ಕಡೆ ಮಾತ್ರ ಅಥವಾ ಎಂದು ಬರೆಯಬೇಕಾಯಿತು: ಪಂಚಮೀ ಏಕವಚನ, ಸಪಿಯೆಂತೆ ಅಥವಾ ಸಪಿಯೆಂತೀ. ಎಷ್ಟೋ ವಿದ್ಯಾರ್ಥಿಗಳು ಇದನ್ನು ಬರಿಯ ವಿಕಲ್ಪವೆಂದು ದಾಟಿಬಿಡುತ್ತಾರೆ. ನನಗೆ ಇಡೀ ವಿಷಯದ ತಿರುಳು ಇಲ್ಲೇ ಇದೆ ಎನಿಸುತ್ತದೆ. ದೊನಾತುಸ್ ಹೇಳಿದ ಎರಡು ಪಾಲುಗಳಲ್ಲಿ ಈ ಹೊತ್ತು ಯಾವ ಪಾಲು ಮೇಲುಗೈ ಪಡೆದಿದೆ ಎಂಬುದನ್ನು ಈ ಒಂದು ಸ್ವರ ತಿಳಿಸುತ್ತದೆ. ಕೃದಂತವು ಕ್ರಿಯೆಯನ್ನು ಹೇಳುವಾಗ ಅದರ ಕೊನೆ ಹ್ರಸ್ವ ಎಕಾರ. ಸೋಲೆ ಒರಿಯೆಂತೆ ಎಂದರೆ ಸೂರ್ಯನು ಹುಟ್ಟುತ್ತಿರಲು. ಸಂಸ್ಕೃತದವರು ಸತಿ ಸಪ್ತಮಿಯಲ್ಲಿ ಹೇಳುವುದನ್ನು ರೋಮನ್ನರು ಪಂಚಮಿಯಲ್ಲಿ ಹೀಗೆ ಹೇಳುತ್ತಿದ್ದರು. ಹಳೆಯ ಪತ್ರಗಳಲ್ಲಿ ಕಾಣುವ ದೆಓ ವೊಲೆಂತೆ ಎಂಬ ಮಾತೂ ಅದೇ ಕಟ್ಟಿನದು, ದೇವರ ಚಿತ್ತವಿದ್ದರೆ ಎಂದು ಅರ್ಥ. ಕೃದಂತವು ಬರಿಯ ವಿಶೇಷಣವಾಗಿ ನಾಮದ ಪಕ್ಕದಲ್ಲಿ ನಿಂತಾಗ ಅದರ ಕೊನೆ ದೀರ್ಘ ಈಕಾರ: ಆ ಸಪಿಯೆಂತೀ ವಿರೋ, ಬುದ್ಧಿವಂತ ಗಂಡಸಿನಿಂದ. ವಿಶೇಷ್ಯವಿಲ್ಲದೆ ತಾನೇ ನಾಮವಾಗಿ ನಿಂತರೆ ಮತ್ತೆ ಎಕಾರ: ಆ ಸಪಿಯೆಂತೆ, ಬಲ್ಲವನಿಂದ. ಇದರ ಹಿಂದೆ ಚರಿತ್ರೆಯಿದೆ. ಕೃದಂತ ಮೂಲತಃ ವ್ಯಂಜನಾಂತ ಪದ, ಎಕಾರ ಅದರ ಸ್ವಂತದ್ದು. ಇಕಾರಾಂತ ವಿಶೇಷಣಗಳ ಸಂಗದಲ್ಲಿ ಇದ್ದು ಇದ್ದು ಅವುಗಳ ಈಕಾರವನ್ನೂ ಷಷ್ಠಿಯ ಇಯುಂ ಎಂಬುದನ್ನೂ ಅದು ಪಡೆದುಕೊಂಡಿತು. ಹೊರಾಸನ ಸಪಿಯೆಂತುಂ ವ್ಯಂಜನಾಂತ ಪದಗಳ ಹಳೆಯ ಜಾಡಿನಲ್ಲಿ ನಡೆದ ರೂಪ.

ಇದೇ ಭೇದ ಕರ್ಮಪದದಲ್ಲೂ ಕಾಣುತ್ತದೆ. ತಾಳು ಎಂಬ ಅರ್ಥದ ಧಾತುವಿನ ಕೃದಂತ ಪತಿಯೇನ್ಸ್, ಚಳಿಗೆ ಫ್ರೀಗುಸ್. ಪತಿಯೇನ್ಸ್ ಫ್ರೀಗುಸ್ ಎಂದು ದ್ವಿತೀಯೆ ಬಂದರೆ ಈಗ ಚಳಿಯನ್ನು ತಾಳಿಕೊಳ್ಳುತ್ತಿರುವವನು. ಪತಿಯೇನ್ಸ್ ಫ್ರೀಗೊರಿಸ್ ಎಂದು ಷಷ್ಠಿ ಬಂದರೆ ಚಳಿ ತಡೆಯುವ ಸ್ವಭಾವದವನು; ಅವನು ಈ ಕ್ಷಣ ಬೆಂಕಿಯ ಪಕ್ಕದಲ್ಲಿ ಕೂತಿದ್ದರೂ ಈ ಮಾತು ಸಲ್ಲುತ್ತದೆ. ಕನ್ನಡದಲ್ಲಿ ತಾಳಿಕೊಳ್ಳುತ್ತಿರುವ ಎಂಬುದಕ್ಕೂ ತಾಳುವ ಎಂಬುದಕ್ಕೂ ನಡುವೆ ಇರುವ ಅಂತರ ಸುಮಾರಾಗಿ ಇದೇ. ಸಪಿಯೇನ್ಸ್ ಎಷ್ಟೋ ಹಿಂದೆಯೇ ಎರಡನೆಯ ದಡ ಸೇರಿದ ಪದ. ಸಪಿಯೆಂತಿಯೋರ್ ಎಂದರೆ ಹೆಚ್ಚು ಬಲ್ಲವನು, ಸಪಿಯೆಂತಿಸ್ಸಿಮುಸ್ ಎಂದರೆ ಎಲ್ಲರಿಗಿಂತ ಬಲ್ಲವನು ಎಂದು ತರತಮ ಪ್ರತ್ಯಯಗಳು ಅದಕ್ಕೆ ಸೇರುವುದೇ ಅದು ವಿಶೇಷಣವಾದದ್ದಕ್ಕೆ ಗುರುತು. ನಿಷೇಧದ ಇನ್ ಎಂಬ ಉಪಸರ್ಗ ಇನ್ನೊಂದು ಗುರುತು. ಅದು ಗುಣವಾಚಕಗಳಿಗೆ ಹತ್ತುತ್ತದೆ, ಕ್ರಿಯಾಪದಗಳಿಗೆ ಹತ್ತುವುದಿಲ್ಲ. ಈನ್ಸಿಪಿಯೇನ್ಸ್ ಎಂದರೆ ಅವಿವೇಕಿ. ಅವಿವೇಕ ಮಾಡು ಎಂದು ಅದಕ್ಕೆ ಜೊತೆಯಾದ ಕ್ರಿಯಾಪದವಿಲ್ಲ. ನಮ್ಮ ಮನೆಯಂಗಳದ ಕರ್ಣಕುಂಡಲದ ಗಿಡ ಸೇರಿರುವ ಕುಲಕ್ಕೆ ಲಿನೇಯಸ್ ಇಟ್ಟ ಹೆಸರು ಇಂಪತಿಯೇನ್ಸ್, ತಾಳ್ಮೆಯಿಲ್ಲದ್ದು. ಬಲಿತ ಕಾಯಿಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಸಾಕು, ಹೋಳುಗಳು ಸುರುಳಿ ಸುತ್ತಿಕೊಂಡು ಬೀಜವನ್ನು ದೂರಕ್ಕೆ ಎಸೆಯುತ್ತವೆ. ಪಶ್ಚಿಮ ಘಟ್ಟದ ಮಳೆಗಾಲದಲ್ಲಿ ಒದ್ದೆ ಬಂಡೆಗಳ ಮೇಲೆ ಗುಲಾಬಿ ಬಣ್ಣದಲ್ಲಿ ಅರಳುವ ಹಲವು ಪುಟ್ಟ ಗಿಡಗಳು ಇದೇ ಕುಲದವು.

ಈ ಕೃದಂತದ ತಕಾರ ಇಂಗ್ಲಿಷಿನ ಮೂಲಕ ನಮ್ಮ ದಿನದ ಮಾತಿಗೂ ಬಂದಿದೆ. ತರಗತಿಯಲ್ಲಿ ಹಾಜರಿ ಕೂಗಿದಾಗ ಮಗು ಎದ್ದು ಪ್ರೆಸೆಂಟ್ ಸಾರ್ ಎನ್ನುವುದು ಪ್ರೈಸೇನ್ಸ್, ಪ್ರೈಸೆಂತಿಸ್ ಎಂಬ ಪದವನ್ನು. ಎದುರಿಗೆ ಇರುವವನು ಎಂದು ಅದರ ಅರ್ಥ. ಏಜೆಂಟ್ ಎಂದರೆ ನಡೆಸುವವನು, ಸ್ಟೂಡೆಂಟ್ ಎಂದರೆ ಶ್ರದ್ಧೆಯಿಂದ ತೊಡಗಿರುವವನು, ಪೇಷೆಂಟ್ ಎಂದರೆ ಮೇಲೆ ಹೇಳಿದ ತಾಳುವವನು, ಕರೆಂಟ್ ಎಂದರೆ ಓಡುತ್ತಿರುವುದು. ಎಲ್ಲದರ ಕೊನೆಯಲ್ಲೂ ಟಕಾರ ಉಳಿದಿದೆ, ಪ್ರಥಮೆಯ ಸಕಾರ ಇಲ್ಲ. ಕಾರಣವಿಷ್ಟೇ: ಲ್ಯಾಟಿನ್ ಒಡೆದು ಫ್ರೆಂಚ್ ಮೊದಲಾದ ಭಾಷೆಗಳಾಗುವಾಗ ಹೆಚ್ಚಿನ ನಾಮಗಳು ದ್ವಿತೀಯೆಯ ರೂಪದಲ್ಲಿ ಉಳಿದುಕೊಂಡವು, ಅಲ್ಲಿಂದಲೇ ಇಂಗ್ಲಿಷಿಗೆ ಹೋದವು. ಕನ್ನಡವು ಹನುಮಾನ್ ಬಿಟ್ಟು ಹನುಮಂತನನ್ನು ಎತ್ತಿಕೊಂಡಂತೆಯೇ ಇದು. ಟಕಾರಾಂತವಾದದ್ದೆಲ್ಲ ಕೃದಂತವೆಂದು ತಿಳಿಯಬಾರದು. ಸಿಮೆಂಟ್, ಪಾರ್ಲಿಮೆಂಟ್‌ಗಳಲ್ಲಿರುವುದು ಮೆಂತುಂ ಎಂಬ ಬೇರೆಯೇ ಪ್ರತ್ಯಯ, ಪರ್ಸೆಂಟ್‌ನಲ್ಲಿರುವುದು ನೂರು ಎಂಬ ಸಂಖ್ಯೆ. ಪ್ರೈಸೇನ್ಸ್ ಎಂಬುದರ ಕೊನೆಯ ಸೇನ್ಸ್ ಮಾತ್ರ ವಿಶೇಷ ಗಮನಕ್ಕೆ ತಕ್ಕದ್ದು. ಅದು ಇರು ಎಂಬ ಧಾತುವಿನ ಕೃದಂತ, ಸಂಸ್ಕೃತದ ಸನ್, ಸಂತಂ ಎಂಬುದರ ಒಡಹುಟ್ಟು. ನಮ್ಮ ಸಂತ ಎಂಬ ಪದ ಆ ಸಂಸ್ಕೃತ ಕೃದಂತದಿಂದ ಬಂದದ್ದು. ಇಂಗ್ಲಿಷಿನ ಸೇಂಟ್ ಸದ್ದಿನಲ್ಲಿ ಅದಕ್ಕೆ ಹತ್ತಿರವಿದ್ದರೂ ಸಾಂಕ್ತುಸ್ ಎಂಬ ಬೇರೆ ಲ್ಯಾಟಿನ್ ಪದದಿಂದ ಹುಟ್ಟಿದ್ದು. ಅದೂ ಕೃದಂತವೇ, ಪವಿತ್ರಗೊಳಿಸಲ್ಪಟ್ಟವನು ಎಂಬ ಅರ್ಥದ ಭೂತ ಕೃದಂತ.

ಆ ಭೂತ ಕೃದಂತಕ್ಕೆ ಲ್ಯಾಟಿನ್ನಿನಲ್ಲಿ ಸಾಮಾನ್ಯವಾಗಿ ಕರ್ಮಣಿಯ ಅರ್ಥ. ಕೊಡಲ್ಪಟ್ಟವು ಎಂಬುದಕ್ಕೆ ದತ, ಇಂದಿನ ಡೇಟಾ. ಅದಕ್ಕೆ ಕನ್ನಡದಲ್ಲಿ ನಡೆಯುತ್ತಿರುವ ದತ್ತಾಂಶ ಎಂಬ ಪದದ ಮೊದಲರ್ಧ ಸಂಸ್ಕೃತದ ಅದೇ ಧಾತುವಿನ ಅದೇ ಅರ್ಥದ ಕೃದಂತ. ಸಭೆಗಳ ಅಜೆಂಡಾ ಎಂಬುದು ಮಾಡಬೇಕಾದವು ಎಂಬ ವಿಧ್ಯರ್ಥದ ಕೃದಂತ. ಇವೆರಡರ ಜೊತೆಗೆ ಸಪಿಯೇನ್ಸ್‌ನಂಥ ವರ್ತಮಾನ ಕೃದಂತವೂ ಮುಂದೆ ಮಾಡಲಿರುವವನು ಎಂಬ ಭವಿಷ್ಯತ್ ಕೃದಂತವೂ ಸೇರಿ ಲ್ಯಾಟಿನ್ನಿನಲ್ಲಿ ಒಟ್ಟು ನಾಲ್ಕು ಬಗೆ. ಸಪೆರೆ ಧಾತುವಿಗೆ ಬಳಕೆಯಲ್ಲಿರುವುದು ಒಂದೇ, ಸಪಿಯೇನ್ಸ್.

ಕನ್ನಡದಲ್ಲಿ ಬರೆಯುವವರಿಗೆ ಇದರಿಂದ ಒಂದು ಉಪಯೋಗವೂ ಇದೆ. ಸೇಪಿಯನ್ಸ್‌ಗಳು ಎಂದು ಬರೆದರೆ ಬಹುವಚನದ ಮೇಲೆ ಬಹುವಚನ ಹೇರಿದಂತಾಗುತ್ತದೆಂದು ಕೆಲವರು ತಿದ್ದಲು ಬರುತ್ತಾರೆ. ಆ ತಿದ್ದುಪಡಿ ಬೇಡ. ಏಕವಚನಕ್ಕೆ ನಮ್ಮ ಗಳು ಸೇರಿದೆ, ಅಷ್ಟೆ. ತಿದ್ದಬೇಕಾದದ್ದು ಸೇಪಿಯನ್, ಸೇಪಿಯನ್‌ಗಳು ಎಂಬ ರೂಪಗಳನ್ನು. ಲ್ಯಾಟಿನ್ನಿನಲ್ಲೇ ಬಹುವಚನ ಬೇಕಾದರೆ ಎರಡು ಪದಗಳೂ ಕೂಡಿ ಬದಲಾಗಿ ಹೊಮಿನೇಸ್ ಸಪಿಯೆಂತೇಸ್ ಎಂದಾಗುತ್ತದೆ, ಮತ್ತು ಪ್ರಥಮೆಯಲ್ಲಿ ಹೊಮೋ ಎಂದಷ್ಟೇ ಕಾಣುವ ಮೊದಲ ಪದದ ಒಳಗೂ ಒಂದು ನಕಾರ ಅಡಗಿ ಕೂತಿತ್ತು ಎಂಬುದು ಆಗ ಬಯಲಿಗೆ ಬರುತ್ತದೆ.